ಹಿಡಿತ ಸಡಿಲಿಸುವ ಚಿಕಿತ್ಸೆ: ತಾವೋ ಚಿಂತನೆ ಮನೋವೈದ್ಯರ ಕೋಣೆಗೆ ಬಂದ ಬಗೆ

ಫೋನ್ ತೆರೆದರೆ ಸಾಕು, "ವು ವೇ" (ಬಲವಂತ ಬೇಡ), "ಹರಿವಿನ ಜೊತೆ ಸಾಗಿ", "ಬಿಟ್ಟುಬಿಡಿ" ಎನ್ನುವ ಅರ್ಧ ನಿಮಿಷದ ವಿಡಿಯೋಗಳು ಒಂದರ ಹಿಂದೊಂದು ಬರುತ್ತವೆ. ಆತಂಕದಿಂದ ನಿದ್ದೆಗೆಟ್ಟವರಿಗೆ ಆ ಮಾತುಗಳು ಹಿತವಾಗಿ ಕೇಳಿಸುತ್ತವೆ. ಬಿಡಬೇಕಾದದ್ದು ಏನನ್ನು, ಬಿಡುವುದು ಹೇಗೆ, ಯಾವುದನ್ನು ಬಿಡಲೇಬಾರದು ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಚೀನಾದ ಮನೋವೈದ್ಯರ ತಂಡವೊಂದು ಈ ಪ್ರಶ್ನೆಗಳನ್ನೇ ಹಿಡಿದು, ಅಲ್ಲಿನ ಪ್ರಾಚೀನ ತಾವೋ ಚಿಂತನೆಯಿಂದ ಹಂತ ಹಂತವಾದ ಚಿಕಿತ್ಸೆಯೊಂದನ್ನು ಕಟ್ಟಿತು. ಅದನ್ನು ರೋಗಿಗಳಲ್ಲಿ ಪರೀಕ್ಷಿಸಿ 2002ರಲ್ಲಿ ಫಲಿತಾಂಶವನ್ನೂ ಪ್ರಕಟಿಸಿತು. ಆ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಎಷ್ಟನ್ನು ನಾವೇ ಮಾಡಿಕೊಳ್ಳಬಹುದು, ಎಲ್ಲಿ ಅದು ಅಪಾಯಕ್ಕೆ ದಾರಿಯಾಗಬಹುದು ಎಂಬುದನ್ನು ಬುಡದಿಂದ ನೋಡೋಣ.

ತಾವೋ: ಇಲ್ಲಿಗೆ ಬೇಕಾದಷ್ಟು

ತಾವೋ ಚಿಂತನೆಗೆ ಎರಡು ಮೂಲಗ್ರಂಥಗಳಿವೆ. ಒಂದು, ಲಾವೋತ್ಸುವಿನ ಹೆಸರಿನಲ್ಲಿರುವ "ದಾವೋ ದೆ ಜಿಂಗ್". 81 ಚಿಕ್ಕ ಅಧ್ಯಾಯಗಳು, ಸುಮಾರು 5,000 ಚೀನೀ ಅಕ್ಷರಗಳು, ಅಷ್ಟೇ. ಇನ್ನೊಂದು "ಜುವಾಂಗ್‌ಜಿ". ಇದರಲ್ಲಿ ಅಡುಗೆಯವರು, ಬಡಗಿಗಳು, ಈಜುಗಾರರು, ಮರಗಳು ಬರುವ ಕಥೆಗಳೇ ಹೆಚ್ಚು. ಎರಡಕ್ಕೂ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ತಾವೋ ಎಂದರೆ ಜಗತ್ತು ತನ್ನಷ್ಟಕ್ಕೆ ನಡೆಯುವ ದಾರಿ, ಅದರ ಗತಿ. ನೀರು ಇಳಿಜಾರಿಗೆ ಹರಿಯುವುದು, ಋತುಗಳು ತಿರುಗುವುದು, ಮೈಗೆ ಮುಪ್ಪಾಗುವುದು ಎಲ್ಲವೂ ಆ ಗತಿಗೆ ಸೇರಿದ್ದು. ಅದಕ್ಕೆ ಎದುರಾಗಿ ಬಲ ಹಾಕದೆ ಕೆಲಸ ಮಾಡುವುದನ್ನು ವು ವೇ ಎನ್ನುತ್ತಾರೆ. ಹೊಸದಾಗಿ ಸೈಕಲ್ ಕಲಿಯುವವರನ್ನು ನೋಡಿ: ಬೀಳಬಾರದೆಂದು ಹ್ಯಾಂಡಲನ್ನು ಬಿಗಿ ಹಿಡಿದಷ್ಟೂ ಸೈಕಲ್ ಹೆಚ್ಚು ಓಲಾಡುತ್ತದೆ. ಕಲಿತವರೂ ಹ್ಯಾಂಡಲ್ ಹಿಡಿದಿರುತ್ತಾರೆ, ಪೆಡಲ್ ತುಳಿಯುತ್ತಾರೆ, ರಸ್ತೆ ನೋಡುತ್ತಾರೆ. ಅವರು ಬಿಟ್ಟಿರುವುದು ಆ ಹೆಚ್ಚುವರಿ ಬಿಗಿತವನ್ನು ಮಾತ್ರ.

ಜುವಾಂಗ್‌ಜಿಯ ಮೂರನೆಯ ಅಧ್ಯಾಯದಲ್ಲಿ ಡಿಂಗ್ ಎಂಬ ಅಡುಗೆಯವನೊಬ್ಬ ಬರುತ್ತಾನೆ. ಎತ್ತಿನ ಮಾಂಸ ಬಿಡಿಸುವುದು ಅವನ ಕೆಲಸ. ಸಾಮಾನ್ಯ ಅಡುಗೆಯವರು ಮೂಳೆಗೇ ಕತ್ತಿ ಹಾಕುವುದರಿಂದ ತಿಂಗಳಿಗೊಂದು ಕತ್ತಿ ಬದಲಿಸುತ್ತಾರೆ. ಡಿಂಗ್‌ನ ಕತ್ತಿ 19 ವರ್ಷವಾದರೂ ಹೊಸದರಂತೆ ಹರಿತವಾಗಿದೆ. ಕೀಲುಗಳ ನಡುವೆ ಮೊದಲೇ ಇರುವ ಸಂದಿನಲ್ಲಿ ಅವನು ಕತ್ತಿ ಆಡಿಸುತ್ತಾನೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಚಿಕಿತ್ಸೆಗೆ ಮುಖ್ಯವಾದದ್ದು ಅದರ ಮುಂದಿನ ಸಾಲು. ಕೀಲು ಕಗ್ಗಂಟಾಗಿರುವ ಜಾಗ ಬಂದಾಗ ಡಿಂಗ್ ಎಚ್ಚರಗೊಳ್ಳುತ್ತಾನೆ, ಕಣ್ಣು ನೆಡುತ್ತಾನೆ, ಕೈ ನಿಧಾನಿಸುತ್ತಾನೆ, ಕತ್ತಿಯನ್ನು ಕೂದಲೆಳೆಯಷ್ಟೇ ಸರಿಸುತ್ತಾನೆ. ಕಷ್ಟದ ಜಾಗದಲ್ಲಿ ಗಮನ ಹೆಚ್ಚುತ್ತದೆ, ಬಲ ತಗ್ಗುತ್ತದೆ. ವು ವೇಯನ್ನು ಸೋಮಾರಿತನ ಎಂದುಕೊಂಡವರಿಗೆ ತಪ್ಪಿಹೋಗುವುದು ಇದೇ ಅಂಶ. 2021ರಲ್ಲಿ ಚೀನಾದ ಯುವಜನರಲ್ಲಿ ಹಬ್ಬಿದ "ತಾಂಗ್ ಪಿಂಗ್", ಅಂದರೆ ಪೈಪೋಟಿಗೇ ಬೆನ್ನು ಹಾಕಿ ಮಲಗಿಬಿಡುವ ನಿಲುವನ್ನು, ಹಲವರು ತಾವೋ ಜೊತೆ ಸೇರಿಸಿ ಮಾತಾಡುತ್ತಾರೆ. ಅದರ ಹಿಂದಿನ ದಣಿವು ನಿಜವಾದದ್ದೇ. ಆದರೆ ಡಿಂಗ್ ಮಲಗಿರಲಿಲ್ಲ.

ಪ್ರಯತ್ನವೇ ಆತಂಕವನ್ನು ಸಾಕುವುದು ಹೇಗೆ

ಪ್ರಯತ್ನ ಕಡಿಮೆ ಮಾಡಿದರೆ ಮನಸ್ಸು ಸುಧಾರಿಸುತ್ತದೆ ಎಂಬ ಮಾತು ಮೊದಲಿಗೆ ವಿಚಿತ್ರವೆನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಬಿಡಿಸಿ ತೋರಿಸುತ್ತದೆ. ಭಾಗವಹಿಸಿದವರು ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು, ಆದರೆ ಬಿಳಿ ಕರಡಿಯನ್ನು ಮಾತ್ರ ನೆನೆಯಬಾರದಿತ್ತು. ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ "ಈಗ ನೆನೆಯಬಹುದು" ಎಂದಾಗ, ಮೊದಲು ತಡೆಹಿಡಿದಿದ್ದವರಿಗೆ ಕರಡಿ ಇನ್ನೂ ಹೆಚ್ಚು ನೆನಪಾಯಿತು. ಒಂದು ಯೋಚನೆ ಬಂತೋ ಇಲ್ಲವೋ ಎಂದು ಕಾಯಬೇಕಾದರೆ ಮನಸ್ಸು ಅದೇ ಯೋಚನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇರಬೇಕಾಗುತ್ತದೆ.

ನಿದ್ದೆ, ಎದೆಬಡಿತ, ತೊದಲು, ಬೆವರು, ಎಲ್ಲದರಲ್ಲೂ ಇದೇ ಸುತ್ತು ನಡೆಯುತ್ತದೆ. ಎದೆ ಡವಗುಟ್ಟುತ್ತಿದೆ ಎಂದು ನಾಡಿ ಹಿಡಿದು ನೋಡುತ್ತೇವೆ. ಗಮನ ಅಲ್ಲಿಗೆ ಹೋದೊಡನೆ ಭಯ ಏರುತ್ತದೆ. ಭಯಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಬಡಿತ ಇನ್ನೂ ಹೆಚ್ಚುತ್ತದೆ. ನಿದ್ದೆ ಮಾಡಲೇಬೇಕು ಎಂದು ಹಟ ಹಿಡಿದವರ ಮಿದುಳು ಕಾವಲಿಗೆ ಕೂರುತ್ತದೆ, ಕಾವಲಿಗೆ ಕೂತ ಮಿದುಳು ಮಲಗುವುದಿಲ್ಲ. ಇಲ್ಲಿ ಮೊದಲ ತೊಂದರೆ ಚಿಕ್ಕದು, ಅದನ್ನು ಅದುಮುವ ಹೋರಾಟ ದೊಡ್ಡದು. ತಾವೋ ಆಧಾರಿತ ಚಿಕಿತ್ಸೆ ಕೈ ಹಾಕುವುದು ಈ ಎರಡನೆಯದಕ್ಕೆ.

ಚಾಂಗ್ಶಾದಲ್ಲಿ ರೂಪುಗೊಂಡದ್ದು

ಹುನಾನ್ ಪ್ರಾಂತದ ರಾಜಧಾನಿ ಚಾಂಗ್ಶಾ. ತಾವೋ ಓದುಗರಿಗೆ ಈ ಊರು ಗೊತ್ತಿರುವುದು ಬೇರೆ ಕಾರಣಕ್ಕೆ: 1973ರಲ್ಲಿ ಇಲ್ಲಿನ ಮಾವಾಂಗ್‌ದುಯಿ ಸಮಾಧಿಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ದಾವೋ ದೆ ಜಿಂಗ್‌ನ ಪ್ರತಿಗಳು ಸಿಕ್ಕವು. ಇದೇ ಊರಿನ ಹುನಾನ್ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯರಾದ ಯಾಂಗ್ ದೆಸೆನ್ ಮತ್ತು ಜಾಂಗ್ ಯಾಲಿನ್ 1990ರ ದಶಕದಲ್ಲಿ "ಚೀನೀ ತಾವೋ ಅರಿವಿನ ಚಿಕಿತ್ಸೆ"ಗೆ ರೂಪ ಕೊಟ್ಟರು.

ಆ ಕಾಲಕ್ಕೇ ಏಕೆ ಎಂಬುದಕ್ಕೆ ಕಾರಣವಿದೆ. ಚೀನಾದಲ್ಲಿ ಮಾರುಕಟ್ಟೆ ಸುಧಾರಣೆ ವೇಗ ಪಡೆದಿತ್ತು. ಜೀವನಪೂರ್ತಿ ಭದ್ರ ಎಂದುಕೊಂಡಿದ್ದ ಸರಕಾರಿ ಕಾರ್ಖಾನೆಗಳ ಕೆಲಸ ದಶಕದ ಕೊನೆಯ ಹೊತ್ತಿಗೆ ಕೋಟಿಗಟ್ಟಲೆ ಜನರ ಕೈತಪ್ಪಿತು. ಪಕ್ಕದ ಮನೆಯವರು ಸಿರಿವಂತರಾದರು, ತಾವು ಹಿಂದುಳಿದೆವು ಎಂಬ ಕೊರಗು ಹೊಸದಾಗಿ ಬಂತು. ಪರೀಕ್ಷೆ, ಹುದ್ದೆ, ಮನೆತನದ ಮಾನ, ಹೆತ್ತವರ ಋಣ ಎಂಬ ಕನ್‌ಫ್ಯೂಷಿಯಸ್ ಸಂಪ್ರದಾಯದ ಒತ್ತಡ ಮೊದಲಿನಿಂದಲೂ ಇತ್ತು. ಪಶ್ಚಿಮದಿಂದ ಬಂದ ಮನೋಚಿಕಿತ್ಸೆಗಳು ವೈದ್ಯರ ಕೈಯಲ್ಲಿದ್ದವು, ಆದರೆ ರೋಗಿಯೊಡನೆ ಅವನ ನಂಬಿಕೆ ತಪ್ಪೆಂದು ವಾದಕ್ಕಿಳಿಯುವ ವಿಧಾನ ಅಲ್ಲಿನ ಎಲ್ಲರಿಗೂ ಒಗ್ಗುತ್ತಿರಲಿಲ್ಲ. ಅದೇ ರೋಗಿಗಳು ಬಾಲ್ಯದಿಂದ ಕೇಳಿದ್ದ, ಅಜ್ಜ ಅಜ್ಜಿಯರ ಬಾಯಲ್ಲಿ ಗಾದೆಯಾಗಿ ಉಳಿದಿದ್ದ ತಾವೋ ಮಾತುಗಳು ಮಾತ್ರ ಒಳಗೆ ಇಳಿಯುತ್ತಿದ್ದವು.

ಹಾಗಾಗಿ ಅವರು ಹೊರಗಿನ ಚೌಕಟ್ಟನ್ನು ಅರಿವಿನ ಚಿಕಿತ್ಸೆಯಿಂದ ತೆಗೆದುಕೊಂಡರು. ಅರಿವಿನ ಚಿಕಿತ್ಸೆ ಎಂದರೆ, ಘಟನೆಗಿಂತ ಘಟನೆಯ ಬಗ್ಗೆ ನಾವು ಹಿಡಿದಿರುವ ನಂಬಿಕೆಯೇ ನೋವನ್ನು ಬಹುಪಾಲು ನಿರ್ಧರಿಸುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತ ಚಿಕಿತ್ಸೆ. ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ಅದನ್ನು ಎ, ಬಿ, ಸಿ, ಡಿ, ಇ ಎಂಬ ಐದು ಅಕ್ಷರಗಳಲ್ಲಿ ಕಲಿಸುತ್ತಿದ್ದರು. ಚಾಂಗ್ಶಾದ ವೈದ್ಯರು ಅಕ್ಷರಗಳನ್ನು ಉಳಿಸಿಕೊಂಡು ಒಳಗಿನ ಹೂರಣ ಬದಲಿಸಿದರು. ಎಲ್ಲಿಸ್ ಅವರ ಡಿ ನಂಬಿಕೆಯನ್ನು ವಾದದಿಂದ ಒಡೆಯುವ ಹಂತ. ಇಲ್ಲಿನ ಡಿ, ತಾವೋ ತತ್ವವನ್ನು ಮುಂದಿಟ್ಟು ರೋಗಿಯ ಕೈಗೆ ಬೇರೆಯೇ ಒಂದು ಅಳತೆಗೋಲು ಕೊಡುವ ಹಂತ.

ಐದು ಹಂತಗಳು, ಒಬ್ಬ ರೋಗಿಯ ಮೂಲಕ

ತಿಳಿಯಲು ಸುಲಭವಾಗಲೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಚೀನಾದ ಕಾರ್ಖಾನೆಯೊಂದರ ಉಪ ವ್ಯವಸ್ಥಾಪಕ, ವಯಸ್ಸು 46. ಬಡ್ತಿ ಕೈತಪ್ಪಿದೆ. ಮಗಳು ಜೂನ್‌ನಲ್ಲಿ ಗಾವ್‌ಕಾವ್, ಅಂದರೆ ಕಾಲೇಜು ಪ್ರವೇಶದ ರಾಷ್ಟ್ರೀಯ ಪರೀಕ್ಷೆ, ಬರೆಯಲಿದ್ದಾಳೆ. ಎಂಟು ತಿಂಗಳಿಂದ ನಿದ್ದೆ ಸರಿಯಿಲ್ಲ, ಎದೆಬಡಿತ, ಭುಜದಲ್ಲಿ ಬಿಗಿತ, ಸಣ್ಣ ಮಾತಿಗೂ ಸಿಡುಕು. ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿವೆ.

ಮೊದಲ ಹಂತ ಎ, ಅಂದರೆ ಈಗಿರುವ ಒತ್ತಡಗಳ ಪಟ್ಟಿ. ಯಾಂಗ್ ಮತ್ತು ಜಾಂಗ್ ಜೀವನದ ಘಟನೆಗಳ ಒತ್ತಡ ಅಳೆಯಲು 48 ಅಂಶಗಳ ಮಾಪಕವೊಂದನ್ನೂ ರೂಪಿಸಿದ್ದಾರೆ: ಕುಟುಂಬಕ್ಕೆ ಸೇರಿದ 28, ಕೆಲಸ ಮತ್ತು ಓದಿನ 13, ಸಾಮಾಜಿಕ ಮತ್ತು ಇತರ 7. ಏನಾಯಿತು ಎಂಬುದರ ಜೊತೆಗೆ ಅದು ಎಷ್ಟು ಕಾಡಿತು, ಎಷ್ಟು ಕಾಲ ಕಾಡಿತು ಎಂಬುದೂ ದಾಖಲಾಗುತ್ತದೆ. ಈ ಹಂತದ ಉಪಯೋಗ ತುಂಬ ಸರಳವಾದದ್ದು. "ಎಲ್ಲವೂ ಹಾಳಾಗಿದೆ" ಎಂಬ ಮೋಡ ಕರಗಿ, ಮೂರೋ ನಾಲ್ಕೋ ನಿರ್ದಿಷ್ಟ ವಿಷಯಗಳು ಕಣ್ಣಿಗೆ ಬೀಳುತ್ತವೆ. ನಮ್ಮ ಉಪ ವ್ಯವಸ್ಥಾಪಕನ ಪಟ್ಟಿಯಲ್ಲಿ ಬಡ್ತಿ ಇದೆ, ಮಗಳ ಪರೀಕ್ಷೆ ಇದೆ, ತನಗಿಂತ ಚಿಕ್ಕವನ ಕೈಕೆಳಗೆ ಕೆಲಸ ಮಾಡಬೇಕಾದ ಅವಮಾನ ಇದೆ.

ಬಿ ಎಂದರೆ ಬಯಕೆ ಮತ್ತು ನಂಬಿಕೆಗಳ ಮೇಲು ಕೀಳು. ಆರೋಗ್ಯ, ಹಣ, ಹುದ್ದೆ, ಸಂಸಾರ, ಮಕ್ಕಳ ಏಳಿಗೆ, ಜನರ ಗೌರವ, ನೆಮ್ಮದಿ ಎಲ್ಲವನ್ನೂ ಮುಂದಿಟ್ಟು ಯಾವುದು ಮೊದಲು, ಯಾವುದು ಆಮೇಲೆ ಎಂದು ರೋಗಿಯೇ ಜೋಡಿಸಬೇಕು. ನೋಡಲು ಆಟದಂತಿದ್ದರೂ ಇಡೀ ಚಿಕಿತ್ಸೆಯ ಕೀಲಿ ಇಲ್ಲಿದೆ. ಬಹುತೇಕರು ಬಾಯಲ್ಲಿ ಆರೋಗ್ಯ, ಸಂಸಾರ ಎನ್ನುತ್ತಾರೆ. ಕಳೆದ ವಾರದ ಸಮಯ ಎಲ್ಲಿ ಹೋಯಿತು ಎಂದು ಲೆಕ್ಕ ಹಾಕಿದರೆ ಹುದ್ದೆ ಮತ್ತು ಗೌರವ ಮೊದಲ ಸಾಲಿಗೆ ಬರುತ್ತವೆ. ಆ ಎರಡು ಪಟ್ಟಿಗಳ ನಡುವಿನ ಅಂತರವನ್ನು ರೋಗಿ ತಾನೇ ನೋಡಬೇಕು. ವೈದ್ಯರು ಮೊದಲೇ ಹೇಳಿಬಿಟ್ಟರೆ ಅದು ಉಪದೇಶವಾಗುತ್ತದೆ, ಕೆಲಸ ಮಾಡುವುದಿಲ್ಲ.

ಸಿ ಹಂತದಲ್ಲಿ ಎರಡು ಪ್ರಶ್ನೆಗಳಿವೆ. ಯಾವ ಬಯಕೆ ಯಾವ ಬಯಕೆಯೊಡನೆ ಜಗಳವಾಡುತ್ತಿದೆ? ಆ ಜಗಳವನ್ನು ಈವರೆಗೆ ಹೇಗೆ ನಿಭಾಯಿಸುತ್ತಿದ್ದೀರಿ? ನಮ್ಮ ಉಪ ವ್ಯವಸ್ಥಾಪಕನಿಗೆ ಮಗಳ ಜೊತೆ ಇರುವ ಆಸೆಯೂ ಇದೆ, ಮೇಲಧಿಕಾರಿಯ ಕಣ್ಣಿಗೆ ಬೀಳಲು ರಾತ್ರಿ ಹತ್ತರವರೆಗೆ ಕಚೇರಿಯಲ್ಲಿ ಕೂರುವ ಹಟವೂ ಇದೆ. ನಿಭಾಯಿಸುವ ರೀತಿ ಎಂದರೆ ಮದ್ಯ, ಮನೆಯಲ್ಲಿ ರೇಗಾಟ, ತನ್ನನ್ನೇ ಹಳಿದುಕೊಳ್ಳುವುದು, ದಿನಕ್ಕೆ ಹತ್ತು ಸಲ ರಕ್ತದೊತ್ತಡ ನೋಡಿಕೊಳ್ಳುವುದು. ಇವು ಗಳಿಗೆಯ ಮಟ್ಟಿಗೆ ಹಗುರ ಮಾಡುತ್ತವೆ, ಅದಕ್ಕೇ ಅಭ್ಯಾಸವಾಗಿ ಉಳಿಯುತ್ತವೆ.

ಡಿ ಹಂತದಲ್ಲಿ ತಾವೋ ಮಾತುಗಳು ಬರುತ್ತವೆ. ಅದನ್ನು ಮುಂದೆ ಬಿಡಿಸಿ ನೋಡೋಣ. ಕೊನೆಯ ಇ ಎಂದರೆ ಫಲದ ಪರಿಶೀಲನೆ. ಮೊದಲು ತುಂಬಿದ ಅದೇ ಮಾಪಕಗಳನ್ನು ಮತ್ತೆ ತುಂಬಿಸಿ, ಲಕ್ಷಣಗಳು ತಗ್ಗಿವೆಯೇ, ನಿಭಾಯಿಸುವ ರೀತಿ ಬದಲಾಗಿದೆಯೇ ಎಂದು ನೋಡುತ್ತಾರೆ. ಬದಲಾಗದಿದ್ದರೆ ಬಿ ಅಥವಾ ಸಿ ಹಂತಕ್ಕೆ ಹಿಂದಿರುಗುತ್ತಾರೆ. ಮೊದಲ ತಿಂಗಳು ಭೇಟಿಗಳು ಹತ್ತಿರ ಹತ್ತಿರ, ಆಮೇಲೆ ವಿರಳ.

ಮೂವತ್ತೆರಡು ಅಕ್ಷರಗಳು

ಡಿ ಹಂತದ ತಿರುಳು ಮೂವತ್ತೆರಡು ಚೀನೀ ಅಕ್ಷರಗಳಲ್ಲಿದೆ. ನಾಲ್ಕು ನಾಲ್ಕು ಅಕ್ಷರದ ಎಂಟು ನುಡಿಗಳು, ಎರಡೆರಡಾಗಿ ನಾಲ್ಕು ಜೋಡಿ. ಹೆಚ್ಚಿನವು ದಾವೋ ದೆ ಜಿಂಗ್‌ನಿಂದಲೇ ಆಯ್ದು ಜೋಡಿಸಿದವು. ರೋಗಿ ಅವನ್ನು ಬರೆದುಕೊಳ್ಳುತ್ತಾನೆ, ಬಾಯಿಪಾಠ ಮಾಡುತ್ತಾನೆ, ತನ್ನ ಎ, ಬಿ, ಸಿ ಹಾಳೆಗಳಿಗೆ ಒಂದೊಂದಾಗಿ ತಾಳೆ ಹಾಕುತ್ತಾನೆ.

ಮೊದಲ ಜೋಡಿ ಗ್ರಂಥದ ಕೊನೆಯ ಅಧ್ಯಾಯದ್ದು: ಉಪಕಾರ ಮಾಡು, ಕೇಡು ಬೇಡ, ಕೆಲಸ ಮಾಡು, ಕಿತ್ತಾಟ ಬೇಡ. ಪಟ್ಟಿ ಶುರುವಾಗುವುದೇ ಮಾಡು ಎಂಬುದರಿಂದ ಎಂಬುದನ್ನು ಗಮನಿಸಬೇಕು. ಉಪ ವ್ಯವಸ್ಥಾಪಕ ಕಾರ್ಖಾನೆಯ ಕೆಲಸ ನಿಲ್ಲಿಸಬೇಕಾಗಿಲ್ಲ. ಕೆಲಸದ ಒಳಗೆ ಸೇರಿಕೊಂಡಿರುವ "ಅವನಿಗಿಂತ ನಾನು" ಎಂಬ ಲೆಕ್ಕವನ್ನು ಬೇರೆ ಮಾಡಿ ನೋಡಬೇಕು. ಇದೇ ಕೆಲಸವನ್ನು ಯಾರೂ ನೋಡದಿದ್ದರೂ ಮಾಡುತ್ತಿದ್ದೆನೇ ಎಂಬ ಪ್ರಶ್ನೆಗೆ ಹೌದು ಎನ್ನುವ ಕೆಲಸಗಳು ಉಳಿಯುತ್ತವೆ. ರಾತ್ರಿ ಹತ್ತರವರೆಗೆ ಸುಮ್ಮನೆ ಕೂರುವುದು ಬಿದ್ದುಹೋಗುತ್ತದೆ.

ಎರಡನೆಯದು: ಸ್ವಾರ್ಥ ತಗ್ಗಿಸು, ಬಯಕೆ ಕಡಿಮೆ ಮಾಡು, ಸಾಕು ಎಂಬುದನ್ನು ಅರಿ, ನಿಲ್ಲುವ ಜಾಗ ಅರಿ. ಇವು 19 ಮತ್ತು 44ನೆಯ ಅಧ್ಯಾಯಗಳಿಂದ ಬಂದವು. ಬಯಕೆಯನ್ನು ಕೊಲ್ಲು ಎಂದು ಇಲ್ಲಿ ಹೇಳಿಲ್ಲ, ಕಡಿಮೆ ಮಾಡು ಎಂದಿದೆ. ಪ್ರಾಯೋಗಿಕವಾಗಿ ಹೇಳುವುದಾದರೆ, ಪ್ರತಿ ಬಯಕೆಗೂ ಒಂದು ಗಡಿಯನ್ನು ಮೊದಲೇ ಬರೆದಿಡುವುದು. ಎಷ್ಟು ಉಳಿತಾಯ ಸಾಕು? ಮಗಳು ಯಾವ ಮಟ್ಟದ ಕಾಲೇಜಿಗೆ ಸೇರಿದರೆ ಸಾಕು? ಗಡಿ ಬರೆಯದ ಬಯಕೆ ಈಡೇರಿದ ದಿನವೇ ಮುಂದಕ್ಕೆ ಜರುಗುತ್ತದೆ, ಆತಂಕವೂ ಅದರ ಜೊತೆಗೇ ಜರುಗುತ್ತದೆ.

ಮೂರನೆಯದು: ಹೊಂದಿಕೆ ಅರಿ, ಕೆಳಗಿನ ಜಾಗದಲ್ಲಿರು, ಮೆದುವಿನಿಂದ ಗಟ್ಟಿಯನ್ನು ಗೆಲ್ಲು. ನದಿ ತೊರೆಗಳೆಲ್ಲ ಸಮುದ್ರಕ್ಕೆ ಬಂದು ಸೇರುವುದು ಅದು ತಗ್ಗಿನಲ್ಲಿರುವುದರಿಂದ ಎನ್ನುತ್ತದೆ 66ನೆಯ ಅಧ್ಯಾಯ. ಇದು ಸಂಬಂಧಗಳಿಗೆ ಹೇಳಿದ ಮಾತು. ಮಗಳು ಎದುರು ಮಾತಾಡಿದಾಗ ದನಿ ಏರಿಸುವ ಬದಲು "ನಿನಗೇನನ್ನಿಸುತ್ತದೆ ಹೇಳು" ಎಂದು ಮೊದಲು ಕೇಳುವುದು, ಚಿಕ್ಕ ವಯಸ್ಸಿನ ಮೇಲಧಿಕಾರಿಯಿಂದ ಕಲಿಯಲು ಏನಿದೆ ಎಂದು ನೋಡುವುದು.

ನಾಲ್ಕನೆಯದು: ತಿಳಿಯಾಗಿ ಶಾಂತವಾಗಿರು, ಬಲವಂತ ಬೇಡ, ಸಹಜಗತಿಗೆ ಒಪ್ಪಿಕೋ. ಎಲ್ಲರೂ ನೇರವಾಗಿ ಇಲ್ಲಿಗೇ ಹಾರಲು ನೋಡುತ್ತಾರೆ. ಚಿಕಿತ್ಸೆಯಲ್ಲಿ ಇದು ಕೊನೆಗೆ ಬರುವುದಕ್ಕೆ ಅರ್ಥವಿದೆ. ಬಯಕೆಗೆ ಗಡಿ ಹಾಕದೆ, ಕಿತ್ತಾಟ ಬಿಡದೆ "ಶಾಂತವಾಗಿರು" ಎಂದರೆ ಅದು ಮತ್ತೊಂದು ಬಿಳಿ ಕರಡಿಯಾಗುತ್ತದೆ.

143 ರೋಗಿಗಳ ಪರೀಕ್ಷೆ

2002ರಲ್ಲಿ "ಟ್ರಾನ್ಸ್‌ಕಲ್ಚರಲ್ ಸೈಕಿಯಾಟ್ರಿ" ನಿಯತಕಾಲಿಕದಲ್ಲಿ ಜಾಂಗ್, ಯಾಂಗ್ ಮತ್ತು ಸಂಗಡಿಗರ ಅಧ್ಯಯನ ಬಂತು. ಅದರಲ್ಲಿ ಸಾರ್ವತ್ರಿಕ ಆತಂಕದ ಕಾಯಿಲೆ ಇದ್ದ 143 ರೋಗಿಗಳಿದ್ದರು. ಆರು ತಿಂಗಳಿಗೂ ಹೆಚ್ಚು ಕಾಲ, ಬಹುಪಾಲು ದಿನ, ಹಲವು ವಿಷಯಗಳ ಬಗ್ಗೆ ತಡೆಯಲಾಗದ ಚಿಂತೆ. ಜೊತೆಗೆ ಚಡಪಡಿಕೆ, ದಣಿವು, ಗಮನವಿಡಲಾಗದಿರುವುದು, ಸಿಡುಕು, ಸ್ನಾಯು ಬಿಗಿತ, ನಿದ್ದೆಗೇಡು ಇವುಗಳಲ್ಲಿ ಮೂರಾದರೂ ಇದ್ದರೆ ವೈದ್ಯರು ಈ ಹೆಸರು ಕೊಡುತ್ತಾರೆ. ರೋಗಿಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಲಾಯಿತು: ತಾವೋ ಚಿಕಿತ್ಸೆ ಮಾತ್ರ, ಬೆಂಜೊಡಯಾಜೆಪಿನ್ ಮಾತ್ರೆ ಮಾತ್ರ, ಎರಡೂ. ಬೆಂಜೊಡಯಾಜೆಪಿನ್ ಎಂದರೆ ಡಯಾಜೆಪಾಮ್, ಆಲ್ಪ್ರಜೋಲಾಮ್ ಥರದ, ಆತಂಕ ತಗ್ಗಿಸುವ ಮಾತ್ರೆಗಳು.

ಒಂದು ತಿಂಗಳಲ್ಲಿ ಮಾತ್ರೆ ಗೆದ್ದಿತು. ಲಕ್ಷಣಗಳು ಬೇಗ ತಗ್ಗಿದವು. ತಾವೋ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಆ ಹೊತ್ತಿಗೆ ಹೇಳುವಂಥ ಸುಧಾರಣೆ ಕಾಣಲಿಲ್ಲ. ಆರು ತಿಂಗಳಲ್ಲಿ ಚಿತ್ರ ತಿರುಗಿತು. ಮಾತ್ರೆ ಮಾತ್ರ ಪಡೆದವರ ಲಾಭ ಉಳಿಯಲಿಲ್ಲ, ತಾವೋ ಚಿಕಿತ್ಸೆಯವರ ಲಕ್ಷಣಗಳು ಗಮನಾರ್ಹವಾಗಿ ತಗ್ಗಿದವು, ಕಷ್ಟವನ್ನು ನಿಭಾಯಿಸುವ ರೀತಿಯೂ ಬದಲಾಗಿತ್ತು. ಎರಡನ್ನೂ ಪಡೆದವರಿಗೆ ಒಂದು ತಿಂಗಳಲ್ಲೂ ಆರು ತಿಂಗಳಲ್ಲೂ ಫಲ ಕಂಡಿತು. ಮಾತ್ರೆ ದೇಹದ ಬಿಗಿತವನ್ನು ಇಳಿಸುತ್ತದೆ. ಬಯಕೆಗಳ ಪಟ್ಟಿ, ಜಗಳ, ಅಭ್ಯಾಸಗಳು ಇದ್ದ ಹಾಗೇ ಇರುತ್ತವೆ. ಅವನ್ನು ಬದಲಿಸಲು ವಾರಗಟ್ಟಲೆ ಬೇಕು, ಬದಲಾದ ಮೇಲೆ ಅವು ಬೇಗ ಹಿಂದಿರುಗುವುದಿಲ್ಲ. ಅಧ್ಯಯನದ ಅಂಕಿಗಳನ್ನು ಹೀಗೆ ಓದುವುದು ಸರಿಯೆನಿಸುತ್ತದೆ.

ಮಿತಿಗಳೂ ಇವೆ. ಯಾವ ಚಿಕಿತ್ಸೆಯನ್ನೂ ಪಡೆಯದ ಗುಂಪು ಅದರಲ್ಲಿರಲಿಲ್ಲ, ಆದ್ದರಿಂದ ಕಾಲ ಕಳೆದಂತೆ ತಾನಾಗಿ ಆಗುವ ಸುಧಾರಣೆ ಎಷ್ಟೆಂದು ಬೇರ್ಪಡಿಸಲಾಗದು. ಸಾಮಾನ್ಯ ಅರಿವಿನ ಚಿಕಿತ್ಸೆಯ ಜೊತೆ ಹೋಲಿಕೆಯೂ ಇರಲಿಲ್ಲ. ಚಿಕಿತ್ಸೆಯನ್ನು ರೂಪಿಸಿದವರೇ ಪರೀಕ್ಷಿಸಿದ್ದಾರೆ. ಹಾಗಾಗಿ ಇದು ಭರವಸೆ ಹುಟ್ಟಿಸುವ ಆಧಾರ, ಅಂತಿಮ ತೀರ್ಪು ಎಂದುಕೊಳ್ಳಬಾರದು.

ಪಶ್ಚಿಮದ ಚಿಕಿತ್ಸೆಗಳಲ್ಲಿ ತಾವೋ

ಚಾಂಗ್ಶಾಕ್ಕಿಂತ ಮೊದಲೇ ತಾವೋ ಚಿಂತನೆ ಮನೋಚಿಕಿತ್ಸೆಯನ್ನು ಮುಟ್ಟಿತ್ತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1929ರಲ್ಲಿ, ರಿಚರ್ಡ್ ವಿಲ್ಹೆಲ್ಮ್ ಜರ್ಮನ್‌ಗೆ ತಂದ ತಾವೋ ಧ್ಯಾನಗ್ರಂಥವೊಂದಕ್ಕೆ ವ್ಯಾಖ್ಯಾನ ಬರೆದರು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1922ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಚೀನಾಕ್ಕೆ ಹೋಗಿದ್ದರು. ಮುಂದೆ ಸಲಹೆಗಾರ ಸಲಹೆ ಹೇರಬಾರದು, ಬದಲಾವಣೆಗೆ ಬೇಕಾದ ಶಕ್ತಿ ನೆರವು ಕೇಳಿ ಬಂದವರಲ್ಲೇ ಇದೆ ಎಂಬ ವಿಧಾನಕ್ಕೆ ಅವರು ಹೆಸರಾದರು. ನಾನು ಜನರ ಮೇಲೆ ಹೇರದಿದ್ದರೆ ಅವರು ತಾವಾಗಿ ಬದಲಾಗುತ್ತಾರೆ ಎಂಬ ಲಾವೋತ್ಸುವಿನ 57ನೆಯ ಅಧ್ಯಾಯದ ಮಾತನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೆ. ಇಂದು ನಮ್ಮಲ್ಲಿಯೂ ಸಿಗುವ ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ತಾವೋದಿಂದ ಹುಟ್ಟಿದ್ದಲ್ಲ. ಆದರೂ ಭಾವನೆಯನ್ನು ನಿಯಂತ್ರಿಸುವ ಹೋರಾಟವೇ ತೊಂದರೆಯನ್ನು ಬೆಳೆಸುತ್ತದೆ ಎಂಬಲ್ಲಿ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಸ್ವಂತವಾಗಿ ಮಾಡಿಕೊಳ್ಳಬಹುದಾದದ್ದು

ಕಾಯಿಲೆಯ ಮಟ್ಟಕ್ಕೆ ಹೋಗದ, ದಿನನಿತ್ಯದ ಒತ್ತಡಕ್ಕೆ ಐದು ಹಂತಗಳ ಚಿಕ್ಕ ರೂಪವನ್ನು ನೋಟ್‌ಬುಕ್ಕಿನಲ್ಲಿ ಮಾಡಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಒಂದು ಪುಟದಲ್ಲಿ ಈ ವಾರ ಕಾಡಿದ ವಿಷಯಗಳು, ಐದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಪಕ್ಕದಲ್ಲಿ ಅದರ ಹಿಂದಿನ ಬಯಕೆ. ಅದರ ಪಕ್ಕದಲ್ಲಿ ಆ ಬಯಕೆಯ ಗಡಿ, ಅಂಕಿಯಲ್ಲೋ ದಿನಾಂಕದಲ್ಲೋ. ಕೊನೆಯ ಅಂಕಣದಲ್ಲಿ, ಈಗ ಮಾಡುತ್ತಿರುವುದರಲ್ಲಿ ಯಾವುದು ಕೆಲಸ, ಯಾವುದು ಬರೀ ಹೋರಾಟ. ಸಂದರ್ಶನಕ್ಕೆ ಓದಿಕೊಳ್ಳುವುದು ಕೆಲಸ. ಫಲಿತಾಂಶ ಬಂತೇ ಎಂದು ದಿನಕ್ಕೆ ಇಪ್ಪತ್ತು ಸಲ ಇಮೇಲ್ ತೆರೆಯುವುದು ಹೋರಾಟ. ಮುಂದಿನ ವಾರ ಹೋರಾಟದ ಸಾಲಿನಿಂದ ಒಂದನ್ನು, ಒಂದನ್ನೇ, ಕೈಬಿಡಬೇಕು.

ಕೈಬಿಡುವ ಈ ಕ್ರಮಕ್ಕೆ ಮೂಲ 48ನೆಯ ಅಧ್ಯಾಯ: ಕಲಿಕೆಯಲ್ಲಿ ದಿನವೂ ಒಂದಿಷ್ಟು ಕೂಡುತ್ತದೆ, ತಾವೋದಲ್ಲಿ ದಿನವೂ ಒಂದಿಷ್ಟು ಕಳೆಯುತ್ತದೆ. ಸ್ವಸುಧಾರಣೆಯ ಪುಸ್ತಕಗಳು ಹೊಸ ಅಭ್ಯಾಸಗಳನ್ನು ಹೇರುತ್ತಲೇ ಹೋಗುವಾಗ ಈ ಕಳೆಯುವ ಲೆಕ್ಕ ನಿಜಕ್ಕೂ ಬೆಲೆಬಾಳುತ್ತದೆ. ಎಚ್ಚರವೊಂದೇ: ನಡಿಗೆ, ಊಟ, ನಿದ್ದೆಯ ಹೊತ್ತು, ಗೆಳೆಯರ ಭೇಟಿ ಇವನ್ನು ಕಳೆಯುವ ಪಟ್ಟಿಗೆ ಸೇರಿಸಬಾರದು. ಒತ್ತಡದಲ್ಲಿರುವವರು ಮೊದಲು ಕಳೆದುಕೊಳ್ಳುವುದು ಇವನ್ನೇ.

ನಿದ್ದೆಯ ವಿಷಯದಲ್ಲಿ ನಿದ್ರಾ ತಜ್ಞರ ಸಲಹೆಯೂ ತಾವೋ ತತ್ವವೂ ಕೂಡಿಬರುತ್ತವೆ. ಮಲಗಿ ಅಂದಾಜು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೋ ಕುರ್ಚಿಗೋ ಹೋಗಿ ಮಂದ ಬೆಳಕಿನಲ್ಲಿ ಸಪ್ಪೆಯಾದದ್ದೇನನ್ನಾದರೂ ಓದಿ, ತೂಕಡಿಕೆ ಬಂದಮೇಲೆ ಮಾತ್ರ ಹಾಸಿಗೆಗೆ ಮರಳಬೇಕು. ಗಡಿಯಾರ ನೋಡಬಾರದು, 20 ನಿಮಿಷ ಅಂದಾಜಿನ ಲೆಕ್ಕ. ಬೆಳಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಬೇಕು. ಮೊದಲ ಕೆಲವು ದಿನ ಹಗಲಲ್ಲಿ ಮಂಕು ಕವಿಯುತ್ತದೆ, ಹೆಚ್ಚಿನವರು ಆಗಲೇ ಬಿಟ್ಟುಬಿಡುತ್ತಾರೆ. ಎರಡು ಮೂರು ವಾರ ಹಿಡಿದು ಮಾಡಿದರೆ ಹಾಸಿಗೆಗೂ ಹೋರಾಟಕ್ಕೂ ಇದ್ದ ನಂಟು ಕಳಚುತ್ತದೆ. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರು ನಿದ್ದೆಯ ಹೊತ್ತನ್ನು ವೈದ್ಯರನ್ನು ಕೇಳದೆ ಬದಲಿಸಬಾರದು.

ಸಿಟ್ಟಿಗೆ ಜುವಾಂಗ್‌ಜಿಯ 20ನೆಯ ಅಧ್ಯಾಯದ ಖಾಲಿ ದೋಣಿ ಇದೆ. ನದಿಯಲ್ಲಿ ಖಾಲಿ ದೋಣಿ ಬಂದು ಡಿಕ್ಕಿ ಹೊಡೆದರೆ ಮುಂಗೋಪಿಯೂ ಸುಮ್ಮನಾಗುತ್ತಾನೆ. ಅದರಲ್ಲೊಬ್ಬ ಮನುಷ್ಯ ಇದ್ದರೆ ಕೂಗಾಟ ಶುರು. ಪೆಟ್ಟು ಎರಡರಲ್ಲೂ ಒಂದೇ, ನಡುವೆ ಸೇರಿಕೊಂಡದ್ದು "ಬೇಕೆಂದೇ ಮಾಡಿದ" ಎಂಬ ಊಹೆ. ಉತ್ತರ ಬಾರದ ಸಂದೇಶ, ಗಾಡಿ ಅಡ್ಡ ಹಾಕಿದವರು, ನಮಸ್ಕರಿಸದೆ ಹೋದ ಸಹೋದ್ಯೋಗಿ, ಇಂಥ ಕಡೆ ಊಹೆಯನ್ನು ಬೇರ್ಪಡಿಸಿ ಘಟನೆಯನ್ನಷ್ಟೇ ಒಂದು ಸಾಲಿನಲ್ಲಿ ಬರೆದು ನೋಡುವುದು ಈ ಕಥೆಯ ಬಳಕೆ.

ಎಲ್ಲಿ ಕೆಡುತ್ತದೆ, ಏಕೆ

ಮೊದಲ ಎಡವು, ಸಡಿಲಾಗುವುದನ್ನೇ ಗುರಿ ಮಾಡಿಕೊಳ್ಳುವುದು. ಇವತ್ತು ಎಷ್ಟು ಶಾಂತನಾದೆ ಎಂದು ಗಳಿಗೆಗೊಮ್ಮೆ ಅಳೆಯುವವರು ಹಳೆಯ ಹೋರಾಟಕ್ಕೆ ಹೊಸ ಹೆಸರಿಟ್ಟಿರುತ್ತಾರೆ. ಅಳೆಯುವುದು ತಿಂಗಳಿಗೊಮ್ಮೆ ಸಾಕು.

ಅದಕ್ಕಿಂತ ಗಂಭೀರವಾದದ್ದು, ಖಿನ್ನತೆಯನ್ನು ವೈರಾಗ್ಯವೆಂದು ತಿಳಿಯುವುದು. ಬಯಕೆ ತಗ್ಗಿದ ಮನುಷ್ಯನಿಗೆ ಊಟ ರುಚಿಸುತ್ತದೆ, ಮಕ್ಕಳ ಮಾತು ಹಿತವೆನಿಸುತ್ತದೆ, ಬೆಳಗಿನ ಬಿಸಿಲು ಗಮನಕ್ಕೆ ಬರುತ್ತದೆ. ಖಿನ್ನತೆಯಲ್ಲಿ ಇವೂ ಸಪ್ಪೆಯಾಗುತ್ತವೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಮತ್ತು ಹಸಿವು ಕೆಟ್ಟಿದೆ, ಬದುಕು ಭಾರ ಎನಿಸುತ್ತಿದೆ ಎಂದಾದರೆ ಅಲ್ಲಿ ಬೇಕಾದದ್ದು ವೈದ್ಯರು.

ಇನ್ನೊಂದು, ಅನ್ಯಾಯಕ್ಕೆ ತಲೆಬಾಗಲು ಈ ಮಾತುಗಳನ್ನು ಬಳಸುವುದು. ಹೊಡೆಯುವ ಗಂಡನ ಮುಂದೆ "ಕೆಳಗಿನ ಜಾಗದಲ್ಲಿರು" ಎಂದು ಹೆಣ್ಣುಮಗಳಿಗೆ ಹೇಳುವುದು ಚಿಕಿತ್ಸೆಯಲ್ಲ, ಕ್ರೌರ್ಯಕ್ಕೆ ಕೊಟ್ಟ ಬೆಂಬಲ. ಎ ಹಂತದ ಪಟ್ಟಿ ಇರುವುದೇ ಇದಕ್ಕೆ: ಬದಲಿಸಬಹುದಾದ, ಬದಲಿಸಲೇಬೇಕಾದ ಹೊರಗಿನ ಕಾರಣ ಕಂಡರೆ ಮೊದಲು ಅದರತ್ತ ಹೆಜ್ಜೆ ಇಡಬೇಕು. ಸಂಬಳ ಕೊಡದ ಮಾಲೀಕನಿಗೆ ಬೇಕಾದದ್ದು ದೂರು.

ಮಾತ್ರೆ ತೆಗೆದುಕೊಳ್ಳುತ್ತಿರುವವರು ಸಹಜವಾಗಿರೋಣ ಎಂದು ಒಮ್ಮೆಲೇ ನಿಲ್ಲಿಸುವುದುಂಟು. ವಾರಗಟ್ಟಲೆ ತೆಗೆದುಕೊಂಡ ಬೆಂಜೊಡಯಾಜೆಪಿನ್ನನ್ನು ಹಾಗೆ ನಿಲ್ಲಿಸಿದರೆ ಆತಂಕ ಇಮ್ಮಡಿಯಾಗಿ ಮರಳಬಹುದು, ಫಿಟ್ಸ್ ಕೂಡ ಬರಬಹುದು. ವೈದ್ಯರು ವಾರ ವಾರವಾಗಿ ಪ್ರಮಾಣ ಇಳಿಸುತ್ತಾರೆ. ಇನ್ನು ಎದೆಬಡಿತ, ನಡುಕ, ತೂಕ ಇಳಿಕೆ ಇದ್ದರೆ ಮನಸ್ಸಿನ ಮಾತಿಗಿಂತ ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಬೇಕು. ದಿನಕ್ಕೆ ಐದಾರು ಲೋಟ ಕಾಫಿ ಕುಡಿಯುವವರು ಅದನ್ನೂ ಲೆಕ್ಕಕ್ಕೆ ತರಬೇಕು. ತೀವ್ರ ಆಘಾತ ಅನುಭವಿಸಿದವರು, ಇಲ್ಲದ ದನಿ ಕೇಳಿಸುವವರು ಒಬ್ಬರೇ ಕಣ್ಮುಚ್ಚಿ ಹೊತ್ತುಗಟ್ಟಲೆ ಮೌನವಾಗಿ ಕೂರುವುದು ಒಳ್ಳೆಯದಲ್ಲ, ತಡೆದಿಟ್ಟದ್ದು ನುಗ್ಗಿಬರಬಹುದು.

ಕರ್ನಾಟಕದಲ್ಲಿ ನೆರವು ಬೇಕಾದವರಿಗೆ

ಚಾಂಗ್ಶಾದ ವಿಧಾನ ಆ ಹೆಸರಿನಲ್ಲಿ ಸಿಗದಿದ್ದರೂ ಅದರ ಚೌಕಟ್ಟಾದ ಅರಿವಿನ ಚಿಕಿತ್ಸೆ ಇಲ್ಲಿ ಲಭ್ಯವಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಮೊದಲ ಭೇಟಿಯಲ್ಲೇ ಮೂರು ವಿಷಯ ತಿಳಿದುಕೊಳ್ಳಬಹುದು: ಒಟ್ಟು ಎಷ್ಟು ಭೇಟಿ ಬೇಕಾಗಬಹುದು, ಸುಧಾರಣೆಯನ್ನು ಯಾವುದರಿಂದ ಅಳೆಯುತ್ತೀರಿ, ಭೇಟಿಗಳ ನಡುವೆ ಮನೆಯಲ್ಲಿ ನಾನು ಏನು ಮಾಡಬೇಕು. ಸ್ವೀಕಾರ, ಬಯಕೆಗಳ ಆದ್ಯತೆ, ಹೋರಾಟ ಬಿಡುವುದು ಇಂಥವುಗಳ ಬಗ್ಗೆ ಕೆಲಸ ಮಾಡಬೇಕೆಂಬ ಇಷ್ಟವಿದ್ದರೆ ಅದನ್ನೂ ಹೇಳಬಹುದು.

ಯಾರಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿರುವವರು ನೋಟ್‌ಬುಕ್ಕಿನ ಅಭ್ಯಾಸಗಳನ್ನು ಪಕ್ಕಕ್ಕಿಟ್ಟು, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಈ ಸಂಖ್ಯೆಗೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.